ರತ್ನಾವತಿ ಸೀಫುಡ್ಸ್ ಎಂಬ ಕಂಪನಿ ಎಲ್ಲಿದೆ?

ಬ್ಯಾಂಕಿನ ಕ್ರೆಡಿಟ್ ಕಾರ್ಡ್ ವಿಭಾಗದ ಮುಖ್ಯಸ್ಥರೇ,

ನಿಮ್ಮ ದಾಖಲೆಯ ಪ್ರಕಾರ ನಾನು ‘ರತ್ನಾವತಿ ಸೀಫುಡ್ಸ್’ ಕಂಪನಿಯಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್. ವರ್ಷಕ್ಕೆ ನಾಲ್ಕು ಲಕ್ಷ ಎಂಬತ್ತು ಸಾವಿರ ಸಂಬಳ. ಮಾನ್ಯರೇ, ಅಂಥ ಕಂಪನಿಯೇ ಇಲ್ಲ. ರತ್ನಾವತಿ ನನ್ನ ಅಮ್ಮ. ಕಾಪು ಮಾರ್ಕೆಟ್‌ನಲ್ಲಿ ಬುಟ್ಟಿ ಇಟ್ಟು ಮೀನು ಮಾರುತ್ತಾರೆ. ನಾನು ಮಣಿಪಾಲದಲ್ಲಿ ಎರಡನೇ ವರ್ಷದ ಪದವಿ ಓದುತ್ತಿದ್ದೇನೆ. ಆ ಸುಳ್ಳಿನ ಕೆಳಗೆ ನನ್ನ ಸಹಿ ಇದೆ. ಅದಕ್ಕೇ ಹೆದರಿಕೆ.

ನಾನು ಕಣ್ಣು ಮುಚ್ಚಿ ಕಾರ್ಡ್ ತೆಗೆದವಳಲ್ಲ. ಸಹಪಾಠಿ ಅನ್ವಿತಾ, “ಈಗಲೇ ಒಂದು ಕಾರ್ಡ್ ಇದ್ದರೆ ಕ್ರೆಡಿಟ್ ಸ್ಕೋರ್ ಬೆಳೆಯುತ್ತದೆ, ಮುಂದೆ ಬಿ.ಎಡ್‌ಗೆ ಸಾಲ ಬೇಕಾದರೆ ಸುಲಭ ಅಲ್ವಾ?” ಎಂದಳು. ಮೂರು ವಾರ ಕುಳಿತು ನಾಲ್ಕು ಬ್ಯಾಂಕುಗಳ ಕಾರ್ಡ್ ಹೋಲಿಸಿದೆ. ವಾರ್ಷಿಕ ಶುಲ್ಕ ಯಾವುದಕ್ಕಿಲ್ಲ, ಬಡ್ಡಿ ಯಾವ ದಿನದಿಂದ ಶುರು, ‘ಕನಿಷ್ಠ ಪಾವತಿ’ ಎಂಬ ಸಿಹಿ ಮಾತಿನ ಒಳಗೆ ಏನಿದೆ, ಎಲ್ಲ ಓದಿದೆ. ಓದಿಯೇ ನಿಮ್ಮದನ್ನು ಆರಿಸಿದೆ. ಸಣ್ಣ ಅಕ್ಷರದ ಹನ್ನೊಂದು ಪುಟ ಓದಿದವಳು ಓದದೆ ಬಿಟ್ಟದ್ದು ನನ್ನದೇ ಅರ್ಜಿಯನ್ನು.

ಅದನ್ನು ತುಂಬಿದ್ದು ಕ್ಯಾಂಟೀನ್ ಎದುರು ಛತ್ರಿ ಹಾಕಿ ಕುಳಿತಿದ್ದ ನಿಮ್ಮ ಏಜೆಂಟ್ ವಿಶಾಲ್. ವಿದ್ಯಾರ್ಥಿ ಎಂದು ಬರೆದರೆ ಠೇವಣಿ ಇಡಬೇಕು ಎಂದರು. ನಮ್ಮಲ್ಲಿ ಠೇವಣಿ ಇಲ್ಲ ಎಂದೆ. “ಅಮ್ಮ ಎಂತ ಮಾಡುವುದು?” “ಮೀನು ಮಾರುವುದು.” “ಹೆಸರು, ಫೋನ್ ನಂಬರ್?” ಹೇಳಿದೆ. ಟ್ಯಾಬ್ ಮೇಲೆ ಬೆರಳು ಓಡಿತು. “ಈಗ ಒಟಿಪಿ ಹೇಳಿ. ಎಂತದ್ದೂ ಆಗುವುದಿಲ್ಲ ಮಾರಾಯ್ರೆ, ಎಲ್ಲರದ್ದೂ ಹೀಗೇ.” ಹೇಳಿದೆ; ಗಾಜಿನ ಮೇಲೆ ಸಹಿಯನ್ನೂ ಮಾಡಿದೆ. ಅವರ ಮೇಲೆ ಸಿಟ್ಟಿಲ್ಲ. ತಿಂಗಳಿಗೆ ನಲವತ್ತು ಕಾರ್ಡ್ ಆಗದಿದ್ದರೆ ಕೆಲಸ ಹೋಗುತ್ತದೆಂದು ಅವರೂ ಹೆದರಿಯೇ ಇದ್ದರು.

ನೀವು ಪರಿಶೀಲನೆ ಮಾಡಲಿಲ್ಲ ಎಂದು ದೂರುವಂತಿಲ್ಲ. ಮಾಡಿದ್ದೀರಿ! ನಿಮ್ಮ ಕಚೇರಿಯಿಂದ ಕಂಪನಿಯ ಮಾಲಕರಿಗೆ, ಅಂದರೆ ಅಮ್ಮನಿಗೆ, ಫೋನ್ ಬಂತು. ಶರ್ಮಿಳಾ ನಿಮ್ಮಲ್ಲಿ ಕೆಲಸ ಮಾಡುತ್ತಾರಾ? “ಮಾಡ್ತಾಳೆ ಸರ್. ಆದಿತ್ಯವಾರ ಮೀನು ಕ್ಲೀನ್ ಮಾಡಿ ಕೊಡುವುದು ಅವಳೇ.” ಸಂಬಳ? “ಸಂಬಳ ಎಂತದ್ದು? ಊಟ ಉಂಟಲ್ಲ!” ನಿಮ್ಮವರು ನಕ್ಕು ಫೋನ್ ಇಟ್ಟರಂತೆ. ಎರಡು ದಿನದಲ್ಲಿ ಕಾರ್ಡ್ ಮಂಜೂರು. ಅಮ್ಮ ಒಂದಾದರೂ ಸುಳ್ಳು ಹೇಳಿದರೇ? ಆ ಸತ್ಯವನ್ನು ನೀವು ಯಾವ ಕಾಲಂನಲ್ಲಿ ಬರೆದುಕೊಂಡಿರಿ?

ನನ್ನ ಓದು ನಡೆಯುವುದು ವಿದ್ಯಾರ್ಥಿವೇತನದಿಂದ. ಅದಕ್ಕೆ ಕೊಟ್ಟ ಅರ್ಜಿಯಲ್ಲಿ ನಮ್ಮ ಮನೆಯ ಆದಾಯ ವರ್ಷಕ್ಕೆ ತೊಂಬತ್ತು ಸಾವಿರ. ಕೆಳಗೆ ಅದೇ ಸಹಿ. ಈ ತಿಂಗಳ ಮೂವತ್ತಕ್ಕೆ ನವೀಕರಣ. ಎರಡು ಕಾಗದವನ್ನು ಯಾರಾದರೂ ಪಕ್ಕಪಕ್ಕ ಇಟ್ಟು ನೋಡಿದರೆ ಕಳ್ಳಿ ಯಾರೆಂದು ತೀರ್ಮಾನಿಸಲು ಎಷ್ಟು ಹೊತ್ತು ಬೇಕು? ಕಾರ್ಡನ್ನು ಒಮ್ಮೆಯೂ ಬಳಸಿಲ್ಲ. ಉಡುಪಿ ಶಾಖೆಗೆ ಎರಡು ಸಲ ಹೋದೆ. “ಬಿಲ್ ಇಲ್ಲ, ಬಾಕಿ ಇಲ್ಲ, ಮತ್ತೆ ಎಂತ ಹೆದರಿಕೆ?” ಎಂದರು ಅಲ್ಲಿನ ಮೇಡಂ. ದಾಖಲೆ ತಿದ್ದಲು ಉದ್ಯೋಗದಾತರ ಪತ್ರ ಬೇಕಂತೆ, ಕಂಪನಿಯ ಮೊಹರಿನ ಸಮೇತ. ತಾನು ಇಲ್ಲವೆಂದು ಇಲ್ಲದ ಕಂಪನಿಯೇ ಬರೆದು ಕೊಡಬೇಕು! ಅಂದಿನಿಂದ ಬಸ್ಸಿನಲ್ಲಿ ಕಂಡಕ್ಟರ್‌ನ ಖಾಕಿ ಕಂಡರೂ ಪೊಲೀಸರೆಂದು ಹಿಂದಿನ ಸೀಟಿಗೆ ಸರಿಯುತ್ತೇನೆ.

ಅಮ್ಮನಿಗೆ ಇದು ಯಾವುದೂ ಗೊತ್ತಿಲ್ಲ. ನಿಮ್ಮ ಸ್ವಾಗತ ಪತ್ರದಲ್ಲಿ ಕಂಪನಿಯ ಹೆಸರಾಗಿ ತನ್ನ ಹೆಸರು ಅಚ್ಚಾದದ್ದನ್ನು ಕಂಡು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದ್ದಾರೆ. “ಇದು ನಾನಾ ಮಗಾ?” ಎಂದು ಎರಡು ಸಲ ಕೇಳಿದರು. ಹೌದು ಎಂದೆ. ನಾನು ಬಾಯಿಬಿಟ್ಟು ಹೇಳಿದ ಸುಳ್ಳು ಅದೊಂದೇ.

ಮೂವತ್ತರೊಳಗೆ ಆ ನೌಕರಿಯನ್ನೂ ಸಂಬಳವನ್ನೂ ದಾಖಲೆಯಿಂದ ತೆಗೆಯಿರಿ. ಕಾರ್ಡ್ ರದ್ದು ಮಾಡಿ. ತಪ್ಪು ನಿಮ್ಮಲ್ಲೂ ಆಗಿದೆ ಎಂದು ಬರೆದು ಕೊಡಿ. ನನ್ನ ಪಾಲಿನದನ್ನು ಇಲ್ಲಿ, ಪತ್ರಿಕೆಯಲ್ಲಿ, ಎಲ್ಲರೆದುರು ಒಪ್ಪಿದ್ದೇನೆ. ಮಾರ್ಕೆಟ್‌ನಲ್ಲಿ ಐಸ್ ಮಾರುವ ಕೂಸಪ್ಪ ಮಾಮ ದಿನಾ ಬೆಳಿಗ್ಗೆ ಪೇಪರ್ ಗಟ್ಟಿಯಾಗಿ ಓದುತ್ತಾರೆ. ಅಮ್ಮ ಇದನ್ನು ಅವರ ಬಾಯಿಂದ ಕೇಳಬಾರದೆಂದು, ಪತ್ರಿಕೆಗೆ ಕಳಿಸುವ ಮೊದಲು ನಾನೇ ಓದಿ ಹೇಳಲು ಕುಳಿತಿದ್ದೇನೆ. ಅಮ್ಮ ಕೈ ತೊಳೆದು ಬಂದು ಎದುರು ಕುಳಿತಿದ್ದಾರೆ. ಕೈಯಲ್ಲಿ ನಿಮ್ಮ ಸ್ವಾಗತ ಪತ್ರವಿದೆ. ನಾನು ಓದಿ ಹೇಳುವುದು ಅದನ್ನೇ ಎಂದುಕೊಂಡಿದ್ದಾರೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಸಂಬಳದವಳು, ಮನೆಯಲ್ಲಿ ಊಟದವಳು,
ಶರ್ಮಿಳಾ, ಕಾಪು