ಮೂರು ಕಾರ್ಡು, ಒಂದು ಸೈಕಲ್ ಚಕ್ರ

ಭಾನುವಾರ, ಮಾರ್ಚ್ ೯

ಪ್ರೀತಿಯ ಅಮ್ಮ,

ಹೇಳದೆ ಕೇಳದೆ ಮನೆಯಿಂದ ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟೆ ಅಂತ ನಿನಗೆ ಕೋಪ ಇದ್ದೇ ಇರುತ್ತೆ. ಇರಲಿ. ಆ ವಾರ ನನ್ನ ತಲೆಯೊಳಗೆ ಏನೇನು ಓಡುತ್ತಿತ್ತು ಅಂತ ಒಮ್ಮೆ ಪೂರ್ತಿ ಕೇಳಿಸಿಕೋ, ಆಮೇಲೆ ಬೈಯುವೆಯಂತೆ.

ರಜೆ ಸಿಕ್ಕಿತು ಅಂತ ಹೇಳಿದ್ದು ಸುಳ್ಳು. ನಾನು ಮನೆಗೆ ಬಂದಿದ್ದು ನಿನ್ನ ಬರಹ ಓದಿ. ಕಂಪ್ಯೂಟರಿನ ಪರದೆಗೆ ಚಿತ್ರ ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡುಗಳನ್ನು ತಲೆಮಾರಿಗೆ ತಲೆಮಾರು ಹೋಲಿಸಿ ನೋಡುವುದರಲ್ಲಿ ನಿನ್ನ ಮಾತಿಗೆ ಎದುರಿಲ್ಲ. ವೇಗ ಅಳೆಯೋಕೆ ಯಂತ್ರ ಸಾಕು, ಚಿತ್ರದ ಹುಳುಕು ಹಿಡಿಯೋಕೆ ಕಣ್ಣೇ ಬೇಕು ಅನ್ನುತ್ತಿದ್ದವಳು ನೀನು. ಅಂಥವಳು ಈ ಸಲ ಏನು ಬರೆದೆ? ಹೊಸ ಕಾರ್ಡು ಹಿಂದಿನ ತಲೆಮಾರಿಗಿಂತ ದುಪ್ಪಟ್ಟು ವೇಗ, ಚಿತ್ರವೂ ಅಷ್ಟೇ ಸ್ವಚ್ಛ!

ಅದೇ ಕಾರ್ಡನ್ನು ನಮ್ಮ ಸ್ಟುಡಿಯೋದಲ್ಲಿ ನಾನೂ ಹಾಕಿ ನೋಡಿದ್ದೆ. ಆ ದುಪ್ಪಟ್ಟಿನಲ್ಲಿ ಎಷ್ಟೋ ಚಿತ್ರಗಳನ್ನು ಅದು ಬಿಡಿಸುವುದೇ ಇಲ್ಲ, ಎರಡು ಚಿತ್ರಗಳ ನಡುವೆ ಊಹೆಯಿಂದ ತುರುಕುತ್ತದೆ. ನೀನು ಪರೀಕ್ಷೆಗೆ ಓಡಿಸುವ ಕಂಪ್ಯೂಟರ್ ಆಟದಲ್ಲಿ ಹುಡುಗಿ ಸೈಕಲ್ ತುಳಿದಳೋ ಇಲ್ಲವೋ, ಚಕ್ರದ ಕಡ್ಡಿಗಳೆಲ್ಲ ಕಲಸಿದ ಹಿಟ್ಟು. ನಿನ್ನ ಓದುಗರೂ ಅದನ್ನೇ ಕಂಡರು. ಕಂಪನಿಯವರು ಈಯಮ್ಮನಿಗೆ ದುಡ್ಡು ತಿನ್ನಿಸಿದ್ದಾರೆ ಅಂತ ಒಬ್ಬ ಬರೆದಿದ್ದ. ಅದನ್ನು ಓದಿ ನನಗೆ ಮೈ ಉರಿಯಿತು. ಆದರೆ ಆ ಮಾತು ಎದೆಯೊಳಗೆ ಕೂತುಬಿಟ್ಟಿತು.

ಮನೆಗೆ ಬಂದರೆ ನೋಡಿದ್ದೆಲ್ಲ ಅನುಮಾನವೇ. ಯಾವತ್ತೂ ಬಾಗಿಲು ಹಾಕದ ನಿನ್ನ ಪರೀಕ್ಷೆ ಕೋಣೆಗೆ ಈಗ ಒಳಚಿಲಕ. ಕಿವಿಯಲ್ಲಿ ಸದಾ ಹೆಡ್‌ಫೋನು. ನಾನು ಒಳಗೆ ಕಾಲಿಟ್ಟರೆ ನೀನು ಥಟ್ಟನೆ ಅದನ್ನು ಕಿತ್ತಿಡುತ್ತಿದ್ದೆ. ಮಧ್ಯಾಹ್ನ ಕಪ್ಪು ಕನ್ನಡಕದ ಒಬ್ಬ ಮನುಷ್ಯ ಚೀಲ ತೂಗಿಹಾಕಿಕೊಂಡು ಬರುತ್ತಿದ್ದ. ಯಾರು ಅಂದರೆ ಕಂಪ್ಯೂಟರ್ ರಿಪೇರಿಯವನು ಅಂದೆ ನೀನು. ಅಮ್ಮ, ಮನೆ ತುಂಬ ಕಂಪ್ಯೂಟರ್ ಬಿಚ್ಚಿ ಹರಡಿಕೊಂಡು ಕೂರುವ ನಿನಗೆ ರಿಪೇರಿಯವನಾ? ಅಪ್ಪನನ್ನು ಕೇಳಿದೆ. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ.

ಬಾಗಿಲಿಗೆ ಕಿವಿ ಕೊಟ್ಟಿದ್ದೂ ನಿಜ. “ಅವಸರ ಮಾಡಬೇಡಿ, ಅಭ್ಯಾಸ ಆಗುತ್ತೆ” ಅಂದ ಅವನು. “ಆಗಲಿ ಬಿಡಿ, ಮಗಳಿಗೆ ಮಾತ್ರ ಗೊತ್ತಾಗಬಾರದು” ಅಂದೆ ನೀನು. ಇನ್ನೇನು ಬೇಕಿತ್ತು ನನಗೆ?

ಮಾರನೇ ದಿನ ನೀನು ಸ್ನಾನಕ್ಕೆ ಹೋದಾಗ ನಿನ್ನ ಕೋಣೆಯ ಎರಡು ಕಂಪ್ಯೂಟರಿನಲ್ಲಿ ಸೈಕಲ್ಲಿನ ದೃಶ್ಯ ಓಡಲು ಬಿಟ್ಟೆ, ಒಂದರಲ್ಲಿ ಹಿಂದಿನ ಕಾರ್ಡು, ಇನ್ನೊಂದರಲ್ಲಿ ಹೊಸದು. ಯಾವುದು ಹೊಸದು ಹೇಳು ನೋಡೋಣ ಅಂತ ನಿನ್ನನ್ನು ಕರೆದೆ. ನೀನು ಪರದೆಯ ಕಡೆ ಮುಖ ಮಾಡಿಕೊಂಡೇ, ಮೆಲ್ಲಗೆ ಎರಡೂ ಕಂಪ್ಯೂಟರ್ ಪೆಟ್ಟಿಗೆಗಳ ಹಿಂದೆ ಅಂಗೈ ಹಿಡಿದೆ. ಬಿಸಿಗಾಳಿ ನೋಡಿದೆ, ಫ್ಯಾನಿನ ಸದ್ದಿಗೆ ಕಿವಿಗೊಟ್ಟೆ, “ಇದು” ಅಂದೆ. ಸರಿಯಾಗೇ ಹೇಳಿದೆ. ಆಮೇಲೆ, “ಎರಡರಲ್ಲೂ ಕಡ್ಡಿ ಒಂದೊಂದೂ ಎಣಿಸಬಹುದು ಕಣೇ” ಅಂದೆ. ಹೊಸದರ ಪರದೆಯಲ್ಲಿ ಆ ಚಕ್ರ ಬರೀ ಬೂದು ಬಣ್ಣದ ತಟ್ಟೆಯಾಗಿತ್ತು.

ಮುಖದ ಮೇಲೇ ಸುಳ್ಳು ಹೇಳಿದಳಲ್ಲ ಅಂತ ಹೊರಗೆ ಬಂದೆ. ಗೇಟಿನ ಹತ್ತಿರ ಆಟೋ ಇಳಿಯುತ್ತಾ ಅವನೇ ಸಿಕ್ಕ. ಯಾವ ಕಂಪನಿಯವರು ನೀವು ಅಂತ ಜಗಳಕ್ಕೇ ನಿಂತೆ. ಅವನು ನನ್ನ ದನಿ ಬಂದ ಕಡೆ ತಿರುಗಿ, ಚೀಲದಿಂದ ಮಡಿಸುವ ಬಿಳಿ ಕೋಲು ತೆಗೆದು ಬಿಡಿಸಿದ. ನಾನು ಮೇಷ್ಟ್ರು, ಪರದೆ ಮೇಲಿರೋದನ್ನ ಕಿವಿಯಿಂದ ಓದೋದು ಕಲಿಸ್ತೀನಿ, ಉಳಿದದ್ದನ್ನ ನಿಮ್ಮ ತಾಯಿಯನ್ನೇ ಕೇಳಿ, ಅಂದ.

ಕೇಳುವ ಧೈರ್ಯ ಬರಲಿಲ್ಲ ಅಮ್ಮ. ಅದಕ್ಕೇ ಓಡಿಬಂದೆ.

ಇಲ್ಲಿ ಕಣ್ಣಿನ ಡಾಕ್ಟರನ್ನು ಕಂಡು ನಿನ್ನ ವಿಷಯ ವಿಚಾರಿಸಿದೆ. ನೋಟದ ನಟ್ಟನಡುವೆ ಮಸುಕಾಗುತ್ತಾ ಹೋಗುವ ಕಾಯಿಲೆ ಇರಬಹುದಂತೆ. ಓಡಾಡುವುದಕ್ಕೆ ತೊಂದರೆ ಇಲ್ಲ, ಸಣ್ಣ ಗೆರೆಗಳು ಮಾತ್ರ ಮೊದಲು ಮಾಯವಾಗುತ್ತವಂತೆ. ಖುದ್ದು ನೋಡದೆ ಏನೂ ಹೇಳಲಾರೆ ಅಂದರು. ಬರುತ್ತೀಯಲ್ಲ?

ಮೂರೂ ತಲೆಮಾರಿನ ಕಾರ್ಡುಗಳನ್ನು ಹೊಸದಾಗಿ ಪರೀಕ್ಷಿಸಿದ್ದೇನೆ. ಊಹೆಯ ಚಿತ್ರಗಳನ್ನು ಬಿಟ್ಟರೆ ಹೊಸದು ಹಿಂದಿನದಕ್ಕಿಂತ ಕಾಲು ಭಾಗ ಹೆಚ್ಚು ವೇಗ, ಅಷ್ಟೇ. ಅದಕ್ಕೂ ಹಿಂದಿನ ತಲೆಮಾರಿನದಂತೂ ಈಗಲೂ ಗಟ್ಟಿಮುಟ್ಟು. ತಿದ್ದುಪಡಿ ಬರೆದಿಟ್ಟಿದ್ದೇನೆ, ನೀನು ಹೂಂ ಅಂದರೆ ಇಬ್ಬರ ಹೆಸರಲ್ಲೂ ಹಾಕೋಣ. ಕಾರಣ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಇನ್ನು ಮುಂದೆ ವೇಗ, ಬಿಸಿ, ಸದ್ದು ನಿನ್ನದು. ಕಣ್ಣಿನ ಕೆಲಸ ನನಗಿರಲಿ.

ನಿನ್ನ ಮಗಳು

ತಾ.ಕ. ಅಪ್ಪ, ಅಮ್ಮನಿಗೆ ಓದಿ ಹೇಳಿದ್ದು ಇಲ್ಲಿಗೆ ಸಾಕು, ಇದು ನಿನಗೆ ಮಾತ್ರ, ಮನಸ್ಸಿನಲ್ಲೇ ಓದಿಕೋ. ಮೇಲ್ ಮಾಡಿದ್ದರೆ ಅಮ್ಮನ ಯಂತ್ರ ಇದನ್ನೂ ಗಟ್ಟಿಯಾಗಿ ಓದಿಬಿಡುತ್ತಿತ್ತು, ಅದಕ್ಕೇ ಕೈಯಲ್ಲಿ ಬರೆದೆ. ಡಾಕ್ಟರು ನನ್ನ ಕಣ್ಣನ್ನೂ ನೋಡಿದರು. ಎಡಗಣ್ಣಿನಲ್ಲಿ ಅದೇ ಮಸುಕು ಈಗಷ್ಟೇ ಶುರುವಾಗಿದೆಯಂತೆ. ಅಮ್ಮನಿಗೆ ನಾನೇ ಬಂದು ಹೇಳುತ್ತೇನೆ. ಅಲ್ಲಿಯವರೆಗೆ, ಓದೋದು ಯಾಕೆ ನಿಲ್ಲಿಸಿಬಿಟ್ಟೆ ಅಂತ ಅವಳು ಕೇಳಿದರೆ, ಇಷ್ಟೇ ಬರೆದಿದ್ದಾಳೆ ಅಂದುಬಿಡು.