ಲೇಸರ್ ಬಂದ ದಿನ ನಾನು ಮಾಡಿದ ಭಾಷಣ

ಕಣ್ಣಿನ ವಿಭಾಗದ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಮ್ಮ ತಾರುಸಿಲಾಳ ಎಡಗಣ್ಣು ಹೋಯಿತು. ಬಲಗಣ್ಣಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಬಿದಿರಿನ ಕೊಳವೆಯೊಳಗಿಂದ ನೋಡಿದಷ್ಟು. ಅದೂ ಹೋಗುವುದರೊಳಗೆ ಅವಳು ನಿಮ್ಮ ಲೇಸರ್ ಯಂತ್ರದ ಮುಂದೆ ಕೂರಬೇಕು. ಈ ಪತ್ರಕ್ಕೆ ಇಷ್ಟೇ ಕಾರಣ. ಮಿಕ್ಕಿದ್ದೆಲ್ಲ ಯಾರ ತಪ್ಪು ಎನ್ನುವ ಮಾತು. ಅದರಲ್ಲಿ ಅರ್ಧ ನಿಮ್ಮದು, ಅರ್ಧ ನನ್ನದು. ನನ್ನ ಅರ್ಧವನ್ನು ಎಲ್ಲರೆದುರು ಹೇಳಬೇಕೆಂದೇ ಪತ್ರಿಕೆಗೆ ಕಳಿಸುತ್ತಿದ್ದೇನೆ. ನಿಮ್ಮ ಅರ್ಧವನ್ನು ನೀವು ಬಾಗಿಲು ಹಾಕಿಕೊಂಡು ಒಪ್ಪಿಕೊಂಡರೂ ಸಾಕು.

ನಾನು ಐದನೇ ತರಗತಿಗೆ ಶಾಲೆ ಬಿಟ್ಟವನು. ಆದರೂ ನಮ್ಮೂರಿನಲ್ಲಿ ಮುಖ್ಯಸ್ಥರ ಪರವಾಗಿ ಮಾತನಾಡುವ ಹಕ್ಕು ನಮ್ಮ ಮನೆತನದ್ದು. ಫಿಜಿಯ ನಮ್ಮಂಥ ದ್ವೀಪದಲ್ಲಿ ಅತಿಥಿಗಳು ದೋಣಿಯಿಂದ ಇಳಿದು ನೇರವಾಗಿ ಕೆಲಸಕ್ಕೆ ಕೈ ಹಾಕುವಂತಿಲ್ಲ. ಅವರು ಯಂಗೋನ ಬೇರಿನ ಕಟ್ಟನ್ನು ಮುಂದಿಡಬೇಕು, ನಾನು ಸ್ವೀಕರಿಸಿ ಮಾತನಾಡಬೇಕು, ಬೇರನ್ನು ಕುಟ್ಟಿ ನೀರಲ್ಲಿ ಹಿಂಡಿ ತೆಂಗಿನ ಚಿಪ್ಪಿನಲ್ಲಿ ಸರದಿಯಂತೆ ಕುಡಿಯಬೇಕು, ಚಪ್ಪಾಳೆ ತಟ್ಟಬೇಕು, ಆಮೇಲೆ ಊಟ. ಇದು ನಮಗೆ ಮರ್ಯಾದೆ. ನೀವೂ ಇದೇ ದೇಶದವರು, ನಿಮಗೆ ಗೊತ್ತು. ಗೊತ್ತಿದ್ದೂ ಕಳೆದ ಆಗಸ್ಟ್‌ನಲ್ಲಿ ಕಣ್ಣೊಳಗಿನ ಒತ್ತಡ ಏರುವ ಗ್ಲಾಕೋಮಾದ ಇಪ್ಪತ್ತಮೂರು ರೋಗಿಗಳ ಪಟ್ಟಿ ಕೊಟ್ಟು, ತಂಡಕ್ಕೆ ಒಂದೇ ಒಂದು ದಿನ ಕೊಟ್ಟು ಕಳಿಸಿದಿರಿ. ಒಂಬತ್ತಕ್ಕೆ ದೋಣಿ ಬಂತು. ಮೂರಕ್ಕೆ ನೀರು ಇಳಿಯುವ ಮೊದಲು ಹವಳದ ಬಂಡೆಸಾಲು ದಾಟಿ ಹೋಗಲೇಬೇಕಿತ್ತು. ನಮ್ಮ ಸಮುದ್ರದ ಉಬ್ಬರವಿಳಿತ ನಿಮ್ಮ ಕಚೇರಿಯ ಗಡಿಯಾರ ನೋಡಿಕೊಂಡು ನಡೆಯುತ್ತದೆ ಎಂದು ನಿಮಗೆ ಹೇಳಿದವರು ಯಾರು?

ಈಗ ನನ್ನ ಅರ್ಧ. ಅವತ್ತು ನಾನು ಒಂದು ಗಂಟೆ ಹತ್ತು ನಿಮಿಷ ಮಾತಾಡಿದೆ. ಮೊದಲ ದೋಣಿಯಲ್ಲಿ ಬಂದ ಹಿರಿಯರಿಂದ ಶುರುಮಾಡಿ ಯಾರ ಮಗ ಯಾರು ಎಂದು ಒಂದೊಂದೇ ಹೆಸರು ಹೇಳಿದೆ. ನಿಮ್ಮ ತಂಡದ ಡಾಕ್ಟರಮ್ಮ ಕೈಗಡಿಯಾರ ನೋಡಿಕೊಳ್ಳುತ್ತಿದ್ದಳು. ಚಿಕ್ಕವಳು, ಕಾಲು ಮಡಚಿ ಕೂತು ಅಭ್ಯಾಸವಿಲ್ಲ, ಜೋಮು ಹಿಡಿದಿರಬೇಕು ಅಂದುಕೊಂಡೆ. ತಾರುಸಿಲಾ ನನ್ನ ಸೋದರತ್ತೆಯ ಮಗಳು. ಚಾಪೆ ಹೆಣೆಯುವುದರಲ್ಲಿ ಅವಳ ಸಮ ಇನ್ನೊಬ್ಬರಿಲ್ಲ, ಬಾಯಿ ಮಾಡುವುದರಲ್ಲೂ ಇಲ್ಲ. ಅತಿಥಿಗಳಿಗೆ ಅಡುಗೆ ಮಾಡುತ್ತಿದ್ದವಳು ಅಲ್ಲಿಂದಲೇ ಕೂಗಿದಳು:

"ಏ ಭಾವಾ, ಸತ್ತೋರನ್ನೆಲ್ಲ ಎಬ್ಬಿಸಿ ಊಟಕ್ಕೆ ಕೂರಿಸ್ತೀಯೇನೋ? ನಾನು ಬೇಯಿಸಿದ ಗೆಡ್ಡೆ ಸಾಲಲ್ಲ!"

"ಬೇಯಿಸೋದು ನಿನ್ನ ಕೆಲ್ಸ, ಮಾತಾಡೋದು ನಂದು. ಸುಮ್ನಿರೇ," ಎಂದೆ. ಎಲ್ಲರೂ ನಕ್ಕರು. ನಗು ಬಂದ ಖುಷಿಗೆ ಇನ್ನಷ್ಟು ಮಾತಾಡಿದೆ.

ಊಟ ಮುಗಿಸಿ ಶಾಲೆಯ ಕೋಣೆಯಲ್ಲಿ ಯಂತ್ರ ಹೂಡುವ ಹೊತ್ತಿಗೆ ಹನ್ನೆರಡೂವರೆ. ಡಾಕ್ಟರಮ್ಮ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, "ತಾತ, ಒತ್ತಡ ಜಾಸ್ತಿ ಇರೋರ ಹೆಸರಿಗೆ ಗುರುತು ಹಾಕಿದ್ದೀನಿ, ಅವ್ರನ್ನ ಮೊದಲು ಕರೀರಿ," ಎಂದಳು. ಗುರುತು ಹಾಕಿದ ಮೊದಲ ಹೆಸರೇ ತಾರುಸಿಲಾ.

"ನಮ್ಮಲ್ಲಿ ಹಾಗೆ ಕರೆಯೋಕಾಗಲ್ಲಮ್ಮ. ಮುಖ್ಯಸ್ಥರು ಮೊದ್ಲು," ಎಂದೆ. ಹೇಳಿದ ಗತ್ತು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಮುಖ್ಯಸ್ಥರ ಕಣ್ಣಿನ ಒತ್ತಡ ಸರಿಯಾಗಿಯೇ ಇತ್ತು. ಅವರ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಯಂತ್ರ ಹೇಗಿದೆ ನೋಡೋಣವೆಂದು ಕೂತರು, ಕಾಲು ಗಂಟೆ ಹೋಯಿತು. ಪಟ್ಟಿಯಲ್ಲಿ ನನ್ನ ಹೆಸರಿತ್ತು, ಗುರುತಿರಲಿಲ್ಲ. ಆದರೂ ಎರಡನೆಯವನು ನಾನು, ಏಕೆಂದರೆ ಮುಖ್ಯಸ್ಥರ ಪಕ್ಕ ಕೂರುವವನು ನಾನು. ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟರು, ಗಾಜಿನ ಬಿಲ್ಲೆ ಒತ್ತಿ ಹಿಡಿದರು, ಹಸಿರು ಬೆಳಕು ಚಟಕ್ ಚಟಕ್ ಎಂದು ಮಿಂಚಿತು. ಒಂದೊಂದು ಕಣ್ಣಿಗೆ ಐದೇ ನಿಮಿಷ. ಆಮೇಲೆ ಹಿರಿಯರು, ಅವರ ಹಿಂದೆ ಗಂಡಸರು. ಹೆಂಗಸರಲ್ಲಿ ಮೂವರಿಗಷ್ಟೇ ಸರದಿ ಬಂತು.

ತಾರುಸಿಲಾ ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದಾಗ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಡಾಕ್ಟರಮ್ಮ ದಡದಲ್ಲೇ ನಿಲ್ಲಿಸಿ, ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣದಿಂದ ಒತ್ತಡ ನೋಡಿದಳು. ಮೂವತ್ತಾರು. ಇಪ್ಪತ್ತೊಂದು ದಾಟಿದರೆ ಹೆದರಬೇಕಂತೆ.

"ಹನಿ ಔಷಧಿ ಹಾಕ್ತಿಲ್ವಾ ಅಮ್ಮ?"

"ಮುಗಿದು ನಾಲ್ಕು ತಿಂಗಳಾಯ್ತು. ಊರಿನ ನರ್ಸಮ್ಮನ ಹತ್ರಾನೂ ಇಲ್ಲ."

"ಹಡಗು ಸಿಕ್ಕಿದ ಕೂಡ್ಲೇ ಪಟ್ಟಣಕ್ಕೆ ಬನ್ನಿ. ತಡ ಮಾಡ್ಬೇಡಿ. ಹೋದ ದೃಷ್ಟಿ ವಾಪಸ್ ಬರಲ್ಲ." ಇದ್ದ ಒಂದು ಬಾಟಲಿ ಹನಿಯನ್ನು ಅವಳ ಕೈಗಿಟ್ಟಳು. ಹೇಳುವಾಗ ಆ ಹುಡುಗಿಯ ಕಣ್ಣಲ್ಲಿ ನೀರಿತ್ತು.

ತಾರುಸಿಲಾ, "ಅದಿರ್ಲಿ, ಊಟ ಹೇಗಿತ್ತು ಹೇಳು ಮಗಾ," ಎಂದಳು.

ಹಡಗು ಎರಡು ತಿಂಗಳು ಬರಲಿಲ್ಲ. ಬಾಟಲಿಯ ಹನಿ ಒಂದು ತಿಂಗಳಿಗೇ ಮುಗಿದಿತ್ತು. ಹಡಗು ಬಂದಾಗ ಹೋದಳು. ನಿಮ್ಮ ಆಸ್ಪತ್ರೆಯ ಕಿಟಕಿಯಲ್ಲಿ ಕೂತವನು, "ಯಂತ್ರ ಕ್ಯಾಂಪಿಗೆ ಹೋಗಿದೆಯಜ್ಜಿ," ಎಂದನಂತೆ. ಯಾವಾಗ ಬರುತ್ತದೆ ಎಂದು ಕೇಳಿದರೆ, "ಬಂದಾಗ ಗೊತ್ತಾಗತ್ತೆ." ಹನ್ನೊಂದು ದಿನ ನೆಂಟರ ಮನೆಯಲ್ಲಿ ಕಾದು, ಅದೇ ಹಡಗಿನಲ್ಲಿ ವಾಪಸ್ ಬಂದಳು. ಆ ಹನ್ನೊಂದು ದಿನ ಯಂತ್ರ ಯಾವುದೋ ದ್ವೀಪದಲ್ಲಿ ನನ್ನಂಥದೇ ಇನ್ನೊಬ್ಬ ಮುದುಕನ ಭಾಷಣ ಕೇಳುತ್ತಾ ಕೂತಿತ್ತು ಅನ್ನಿ. ಇಷ್ಟು ದ್ವೀಪಗಳಿಗೆ ಒಂದೇ ಯಂತ್ರವೇ ಮಾನ್ಯರೇ? ಹನಿಯ ಬಾಟಲಿ ತಿಂಗಳುಗಟ್ಟಲೆ ತಲುಪದ ನಮ್ಮಂಥ ಊರಿಗಲ್ಲದೆ ಲೇಸರ್ ಮತ್ತೆ ಯಾರಿಗೆ? ನಮ್ಮೂರಿನ ಶಿಬಿರ ಯಶಸ್ವಿ ಎಂದು ರೇಡಿಯೋದಲ್ಲಿ ಹೇಳಿಸಿದಿರಿ. ನಾನು ಕೇಳಿದೆ. ತಾರುಸಿಲಾಳೂ ಕೇಳಿದಳು.

ಜನವರಿಯಲ್ಲಿ ಅವಳ ಮನೆಗೆ ಹೋದೆ. ಚಾಪೆ ಹೆಣೆಯುತ್ತಿದ್ದಳು. ಪಕ್ಕದಲ್ಲೇ ನಿಂತರೂ ತಲೆಯೆತ್ತಲಿಲ್ಲ.

"ಏನೇ, ಮಾತಾಡ್ಸೋಕೂ ಆಗದಷ್ಟು ಕೊಬ್ಬಾ?"

"ಎಡಗಡೆ ಬಂದು ನಿಂತ್ರೆ ಎಲ್ಲಿ ಕಾಣತ್ತೋ ಮಾರಾಯ? ಆ ಕಡೆ ಬಾಗಿಲು ಮುಚ್ಚಿದೆ."

ಬಲಗಡೆಗೆ ಹೋಗಿ ಕೂತೆ. ಅಂಚಿನ ಬಣ್ಣದ ಎಳೆಯನ್ನು ಬೆರಳಿನಿಂದ ತಡವಿ ತಡವಿ ಹುಡುಕುತ್ತಿದ್ದಳು. ಕೊನೆಗೆ, "ನನ್ನ ಮೇಲೆ ಸಿಟ್ಟಿದ್ಯಾ?" ಎಂದು ಕೇಳಿದೆ.

"ಭಾಷಣ ಚೆನ್ನಾಗಿತ್ತು ಕಣೋ. ನಮ್ಮಜ್ಜನ ಹೆಸ್ರು ಮಾತ್ರ ಬಿಟ್ಟುಬಿಟ್ಟೆ," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೊನ್ನೆ ನರ್ಸಮ್ಮ ನನ್ನ ಒತ್ತಡ ನೋಡಿ, ಹದಿನಾಲ್ಕು, ಬಹಳ ಚೆನ್ನಾಗಿದೆ ತಾತ ಎಂದಳು. ಎದ್ದು ಹೊರಗೆ ಬಂದುಬಿಟ್ಟೆ. ಈ ಪತ್ರವನ್ನು ಕನ್ನಡಕವಿಲ್ಲದೆ ಬರೆಯುತ್ತಿದ್ದೇನೆ. ಯಾರ ಸರದಿಯನ್ನು ಕಿತ್ತುಕೊಂಡ ಕಣ್ಣುಗಳಿವು ಎಂದು ನನಗೆ ಗೊತ್ತಿದೆ.

ಆದ್ದರಿಂದ ಕೇಳುತ್ತೇನೆ. ತಂಡ ಕಳಿಸಿದರೆ ಮೂರು ದಿನಕ್ಕೆ ಕಳಿಸಿ. ಚಿಕಿತ್ಸೆ ಮುಗಿಯುವವರೆಗೆ ಸ್ವಾಗತವಿಲ್ಲ, ರೋಗ ಹೆಚ್ಚಿದವರೇ ಮೊದಲು ಎಂದು ನಿಮ್ಮ ಮೊಹರು ಒತ್ತಿದ ಆದೇಶ ಕಳಿಸಿ. ನಮಗೆ ನಾವೇ ಇದನ್ನು ಹೇಳಿಕೊಳ್ಳಲಾರೆವು, ನಾಚಿಕೆ. ನಿಮ್ಮ ಆದೇಶವಾದರೆ ನಿಮ್ಮನ್ನು ಬೈದುಕೊಂಡು ಪಾಲಿಸುತ್ತೇವೆ. ಬೈಸಿಕೊಳ್ಳುವುದು ನಿಮ್ಮ ಹುದ್ದೆಗೆ ಹೊಸದೇನಲ್ಲವಲ್ಲ?

ಅದಕ್ಕೂ ಮೊದಲು ಒಂದು ಕೆಲಸವಿದೆ. ಮುಂದಿನ ಹಡಗು ಈ ತಿಂಗಳ ಹದಿನೆಂಟಕ್ಕೆ. ತಾರುಸಿಲಾ ಇನ್ನೊಮ್ಮೆ ಬರುವುದಿಲ್ಲವೆಂದು ಹಟ ಹಿಡಿದಿದ್ದಾಳೆ. ಯಂತ್ರ ಇರುತ್ತದೆಯೆಂದು ನಾನು ಹೇಳಿದರೆ ನಂಬುವುದಿಲ್ಲ, ಏಕೆ ನಂಬಬೇಕು? ಹದಿನೇಳರ ಸಂಜೆ ಹವಾಮಾನ ವಾರ್ತೆ ಮುಗಿದ ಮೇಲೆ ರೇಡಿಯೋದಲ್ಲಿ ಅವಳ ಹೆಸರು ಹಿಡಿದು, ಯಂತ್ರ ಆಸ್ಪತ್ರೆಯಲ್ಲಿದೆ, ನೀನು ಬರುವವರೆಗೆ ಅಲ್ಲಾಡುವುದಿಲ್ಲ ಎಂದು ಹೇಳಿಸಿ. ಅಷ್ಟೇ ಹೇಳಿಸಿ. ಹೆಚ್ಚಿಗೆ ಒಂದು ಮಾತೂ ಬೇಡ.

ಇಂತಿ,
ಮಾತು ಮುಗಿಸಲು ತಿಳಿಯದ ಮುದುಕ,
ಎಮೋಸಿ ನಾಲುವೆ