ಸಾಬೂನು ಕಂಡ ಹಂಚು

ಖಾನಾಪುರ,
೧೪ ಮೇ ೨೦೨೪

ಚಿ. ಸೌ. ಪೂರ್ಣಿಮಾಗೆ ನಿನ್ನ ಅವ್ವನ ಆಶೀರ್ವಾದ.

ಎಂಟು ದಿನದಿಂದ ಫೋನು ಎತ್ತದವಳೇ, ನಿನ್ನ ಕೈಗೆ ಏನಾಗಿದೆ? ಆಪರೇಷನ್ ಆದದ್ದು ಹೊಟ್ಟೆಗೆ. ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದೆಯಲ್ಲ, ನಾಲ್ಕನೇ ಇಯತ್ತೆ ಕಲಿತವಳ ಅಕ್ಷರ ಓದುವುದೇ ನಿನಗೆ ಶಿಕ್ಷೆ. ಕೂತು ಓದು.

ನೀನು ದವಾಖಾನೆಯಲ್ಲಿದ್ದಾಗ ನಿನ್ನ ಮಕ್ಕಳಿಬ್ಬರೂ ಟಿಳಕವಾಡಿಯಿಂದ ಬಂದು ಹದಿನೈದು ದಿನ ನನ್ನ ಹತ್ತಿರ ಇದ್ದರು. ಹನ್ನೊಂದು ವರ್ಷದ ಅನಿಕೇತ ಉಂಡ ತಾಟನ್ನು ಅಲ್ಲೇ ಬಿಟ್ಟು ಏಳುತ್ತಿದ್ದ. ಎಂಟು ವರ್ಷದ ಮೇಘಾ ಕೂತಲ್ಲಿಂದಲೇ ನೀರಿಗೆ ಕೈ ಚಾಚುತ್ತಿದ್ದಳು. ಎರಡು ದಿನ ನೋಡಿದೆ. ಮೂರನೆಯ ದಿನ ಅವನ ಮುಂದೆ ಮುಸುರೆ ಭಾಂಡಿ ಸುರಿದೆ, ಅವಳ ಕೈಗೆ ಕಸಬರಿಗೆ ಕೊಟ್ಟೆ. "ಆಯೀ, ನಾ ಗಂಡಹುಡುಗ ಅದೀನಿ" ಅಂದ. "ಹೌದಪಾ, ಉಣ್ಣೂಮುಂದ ಏನಿದ್ದಿ?" ಅಂದೆ.

ಅವತ್ತೇ ಆ ಜಾಣ ನನ್ನ ರೊಟ್ಟಿ ಹಂಚಿಗೆ ಸಾಬೂನು ಹಚ್ಚಿದ. ಮೂವತ್ತು ವರ್ಷ ಪಳಗಿದ ಕಬ್ಬಿಣದ ಹಂಚು, ಫಳಫಳ ಹೊಳೆಯುವ ತನಕ ತಿಕ್ಕಿ ತಂದು ತೋರಿಸಿದ. ಮರುದಿನ ಬಡಿದ ಮೊದಲ ರೊಟ್ಟಿ ಅದಕ್ಕೇ ಅಂಟಿ ಚೂರುಚೂರಾಯಿತು. ಹುಡುಗ ಅಳುಮೋರೆ ಮಾಡಿದ. ಹೊಟ್ಟೆ ತುಂಬ ಬೈದು, ಆಮೇಲೆ ಅರ್ಧ ಉಳ್ಳಾಗಡ್ಡಿ ಎಣ್ಣೆಯಲ್ಲಿ ಅದ್ದಿ ಕೈಗೆ ಕೊಟ್ಟೆ. ಮೂರು ದಿನ ಕಾದ ಹಂಚಿಗೆ ತಾನೇ ಉಜ್ಜಿ ಪಳಗಿಸಿದ. ನಾಲ್ಕನೆಯ ದಿನ ರೊಟ್ಟಿ ಸಲೀಸಾಗಿ ಎದ್ದಿತು. ಅವನ ಮುಖ ನೀನು ನೋಡಬೇಕಿತ್ತು.

ಮಕ್ಕಳು ಮನೆಗೆ ಮರಳಿದಾಗ ನೀನು ನೋಡಿದ್ದು ಬೊಬ್ಬೆ ಎದ್ದ ಅವನ ಅಂಗೈ. "ನನ್ನ ಮಕ್ಕಳ್ನ ಆಳು ಮಾಡಿಟ್ಟಿ, ಇನ್ನ ಖಾನಾಪುರಕ್ಕ ಕಳಸೂದಿಲ್ಲ" ಎಂದು ಬೈದು ನೀನೇ ಫೋನು ಇಟ್ಟೆ.

ಈ ಸಿಟ್ಟು ಎಲ್ಲಿಯದೆಂದು ನನಗೆ ಗೊತ್ತು. ನಿನ್ನನ್ನು ಒಂಬತ್ತನೇ ವರ್ಷಕ್ಕೇ ಭಾಂಡಿಯ ಮುಂದೆ ಕೂರಿಸಿದೆ. ನಿನ್ನ ಅಣ್ಣ ಉಳವಪ್ಪ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿರುತ್ತಿದ್ದ. ಪರೀಕ್ಷೆಯ ದಿನವೂ ನೀನು ಬೂದಿಗೈಯಲ್ಲೇ ಸಾಲೆಗೆ ಓಡಿದ್ದು ಮರೆತಿಲ್ಲ. ಕೆಲಸ ಹಚ್ಚಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ನಿನಗೊಬ್ಬಳಿಗೇ ಹಚ್ಚಿದ್ದು ತಪ್ಪು. ಇಷ್ಟು ವರ್ಷ ಇದನ್ನು ಹೇಳಲು ಬಾಯಿ ಬರಲಿಲ್ಲ. ಈಗ ಬರೆದಿದ್ದೇನೆ, ಎರಡು ಸಲ ಓದಿಕೋ.

ನಿನ್ನೆ ಅನಿಕೇತ ಅವರಪ್ಪನ ಫೋನಿನಿಂದ ಮಾತಾಡಿದ. "ಆಯೀ, ಭಾಂಡಿ ನಾ ತಿಕ್ಕಿದೆ, ಮೇಘಾ ಒರಸಿಟ್ಟಳು. ಮಮ್ಮಿ ಬೈಲಿಲ್ಲ. ಕುಂತು ಚಾ ಕುಡದಳು, ಬಿಸೀದು" ಅಂದ. ಹೊಲಿಗೆ ಹಸಿ ಇರುವಾಗಲೇ ಒಲೆಯ ಮುಂದೆ ನಿಂತಿರುತ್ತೀ ಎಂದು ಎಂಟು ದಿನದಿಂದ ನನಗೆ ಕೂಳು ಸೇರಿರಲಿಲ್ಲ. ನಿನ್ನೆ ಎರಡು ರೊಟ್ಟಿ ಉಂಡು ಮಲಗಿದೆ.

ದಸರೆಯ ರಜೆಗೆ ಮಕ್ಕಳನ್ನು ಕಳಿಸುತ್ತೀಯೋ ಇಲ್ಲವೋ, ಜೂನ್ ಹುಟ್ಟುವುದರೊಳಗೆ ಬರೆದು ತಿಳಿಸು. ಫೋನು ಬೇಡ. ಫೋನಿನಲ್ಲಿ ನಾವಿಬ್ಬರೂ ಜಗಳಾಡುತ್ತೇವೆ.

ನಿನ್ನ ಅವ್ವ,
ನಿಂಗವ್ವ

ತಾ.ಕ.: ನಾನು ಇದನ್ನು ಬರೆದು ಮುಗಿಸುವುದರೊಳಗೆ ಭಾಂಡಿ ತಿಕ್ಕಿಡು ಎಂದು ಉಳವಪ್ಪನಿಗೆ ಹೇಳಿದೆ. ನಲವತ್ತಾರನೇ ವರ್ಷಕ್ಕೆ ಮೊದಲ ಸಲ ಕೂತ. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವನೂ ಹಂಚಿಗೆ ಸಾಬೂನು ಹಚ್ಚಿದ. ಬೈಯಲಿಲ್ಲ. ಅರ್ಧ ಉಳ್ಳಾಗಡ್ಡಿ ಕೈಗೆ ಕೊಟ್ಟೆ.